ಯಾರೂ ಏನೂ ಮಾಡದ ಮೇಜು

ಮೇಜು ಒಣಗಿಹೋಗಿದೆ ಎಂಬುದು ಸೋಲ್ವಾಯ್ ಬ್ರಾಮ್ಸೆನ್‌ಗೆ ಬಾಗಿಲಲ್ಲಿ ನಿಂತಾಗಲೇ ಗೊತ್ತಾಯಿತು. ಹತ್ತಿರ ಹೋಗಿ ನೋಡುವ ಅಗತ್ಯವಿರಲಿಲ್ಲ. ಕಿಟಕಿಯಿಂದ ಬೀಳುತ್ತಿದ್ದ ಫೆಬ್ರವರಿಯ ಬೆಳಕಿನಲ್ಲಿ ಓಕ್ ಮರದ ಹಲಗೆ ಹಳೆಯ ಕಾಗದದಂತೆ ಮಂಕಾಗಿತ್ತು. ಆದರೂ ಆಕೆ ಹತ್ತಿರ ಹೋದಳು. ಎರಡು ಮೀಟರ್ ಹತ್ತು ಸೆಂಟಿಮೀಟರ್ ಉದ್ದದ ಆ ಮೇಜಿನ ಬಲತುದಿಯಲ್ಲಿ, ಎರಡು ಹಲಗೆಗಳನ್ನು ಅಂಟಿಸಿದ ಗೆರೆಗುಂಟ, ಒಂದು ಬಿರುಕು ಬಿಟ್ಟಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಶುರುವಾಗುತ್ತಿತ್ತು.

"ಇದು ನಮ್ಮನೇಲಿದ್ದಾಗ ಇರಲಿಲ್ಲ," ಎಂದಳು.

ಆಕೆಯ ತಮ್ಮ ಪ್ರೇಬೆನ್ ಕೇಳಿಸಿಕೊಳ್ಳಲಿಲ್ಲ. ಅವನು ಗೋಡೆಯ ಮೇಲಿನ ಫಲಕವನ್ನು ಎರಡನೇ ಸಲ ಓದುತ್ತಿದ್ದ. ಓದುವುದಕ್ಕೆ ಕಾರಣವಿತ್ತು. ಅದರಲ್ಲಿನ ಎರಡು ವಾಕ್ಯಗಳು ಅವನವೇ.

ಸ್ವೆನ್‌ಬೋರ್ಗ್ ಊರಿನ ಮೇಲಿನ ದಿಣ್ಣೆಯಲ್ಲಿರುವ ಲಿಂಡೆಹೋಯ್ ಪೀಠೋಪಕರಣ ಸಂಗ್ರಹಾಲಯದಲ್ಲಿ ಹೊಸ ಪ್ರದರ್ಶನ ಶುರುವಾಗಿ ಹತ್ತೊಂಬತ್ತು ದಿನಗಳಾಗಿದ್ದವು. ಮೂರನೇ ತಾರೀಕಿನ ಉದ್ಘಾಟನೆಗೆ ಜ್ವರದಿಂದಾಗಿ ಸೋಲ್ವಾಯ್ ಬರಲಾಗಿರಲಿಲ್ಲ. ತಮ್ಮ ಬಂದಿದ್ದ, ಭಾಷಣವನ್ನೂ ಮಾಡಿದ್ದ. ಹಿಂದಿನ ವಾರ ಶಾಲೆಗಳಿಗೆ ಚಳಿಗಾಲದ ರಜೆ ಇತ್ತು. ಆ ಗದ್ದಲದಲ್ಲಿ ಬೇಡ ಎಂದು ವರ್ಷದ ಎಂಟನೇ ವಾರದ ಗುರುವಾರ ಇಬ್ಬರೂ ಬಂದಿದ್ದರು.

ಮೇಜು ಮಾಡಿದವನು ಅವರ ಅಪ್ಪ ಐನಾರ್ ಬ್ರಾಮ್ಸೆನ್. 1956ರಲ್ಲಿ ಕೋಪನ್‌ಹೇಗನ್‌ನ ಒಬ್ಬ ವಾಸ್ತುಶಿಲ್ಪಿ ನಕ್ಷೆ ಕಳಿಸಿದ್ದ. ಐನಾರ್ ಅದರಂತೆ ಒಂದನ್ನು ಮಾಡಿ ತೋರಿಸಿದ. ವಾಸ್ತುಶಿಲ್ಪಿ ಬಂದು ನೋಡಿ, ಹನ್ನೆರಡು ಸೆಂಟಿಮೀಟರ್ ಗಿಡ್ಡವಾಗಬೇಕು, ಕಾಲುಗಳು ಇನ್ನಷ್ಟು ಒಳಗೆ ಹೋಗಬೇಕು ಎಂದ. ತಿದ್ದಿದ ನಕ್ಷೆಯ ಮೇಜುಗಳು ಮುಂದೆ ಸಾವಿರಾರು ಮಾರಾಟವಾದವು. ಮೊದಲನೆಯದು ಮನೆಯಲ್ಲೇ ಉಳಿಯಿತು. ಅದರ ಮೇಲೆ ಮನೆಮಂದಿ ಐವತ್ತೈದು ವರ್ಷ ಊಟ ಮಾಡಿದರು. ಅಪ್ಪ ತೀರಿಕೊಂಡದ್ದು 1989ರಲ್ಲಿ, ಅಮ್ಮ ಓಡಾ 1994ರಲ್ಲಿ. ಆಮೇಲೆ ಮೇಜು ಸೋಲ್ವಾಯ್ ಪಾಲಿಗೆ ಬಂತು. 2011ರಲ್ಲಿ ಆಕೆ ಮನೆ ಮಾರಿ ಎರಡು ಕೋಣೆಯ ಫ್ಲಾಟಿಗೆ ಹೋದಾಗ ಅದನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಏಳು ವರ್ಷ ಉಗ್ರಾಣದಲ್ಲಿದ್ದು ಈಗ ಹೊರಗೆ ಬಂದಿತ್ತು.

ಫಲಕದಲ್ಲಿ ಹೀಗಿತ್ತು: "ಈ ಮಾದರಿಯ ಮೊಟ್ಟಮೊದಲ ಮೇಜು. ಕಾರ್ಯಾಗಾರದಿಂದ ಹೊರಬಿದ್ದ ಮೇಲೆ ಇದರ ಮೇಲ್ಮೈಗೆ ಯಾರೂ ಏನೂ ಮಾಡಿಲ್ಲ. 1956ರ ಓಕ್ ಅನ್ನು ಅದಿದ್ದ ಹಾಗೆಯೇ ನೋಡಲು ಸಿಗುವುದು ಅಪರೂಪ."

ಸೋಲ್ವಾಯ್ ಕನ್ನಡಕ ಏರಿಸಿಕೊಂಡು ಓದಿದಳು. ಮತ್ತೆ ಮೇಜಿನ ಕಡೆ ನೋಡಿದಳು.

"ಪ್ರೇಬೆನ್, ಇದನ್ನ ಯಾರು ಬರೆದಿದ್ದು?"

"ಯಾಕೆ? ವಾಕ್ಯ ಸರಿಯಾಗಿದೆಯಲ್ಲ."

"ವಾಕ್ಯ ಸರಿಯಾಗಿದೆ. ವಿಷಯ ಸುಳ್ಳು."

ಪ್ರೇಬೆನ್ ಅತ್ತಿತ್ತ ನೋಡಿದ. ಮೂವತ್ನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವನು ಅವನು. ಆಧಾರವಿಲ್ಲದೆ ಒಂದು ಸಾಲು ಬರೆದರೂ ಮಕ್ಕಳ ಉತ್ತರದ ಅಂಚಿನಲ್ಲಿ ಕೆಂಪು ಶಾಯಿಯಿಂದ "ಎಲ್ಲಿಂದ?" ಎಂದು ಕೇಳುತ್ತಿದ್ದವನು. ಪ್ರದರ್ಶನದ ಪುಸ್ತಕದಲ್ಲಿ ಈ ಮೇಜಿನ ಬಗ್ಗೆ ಅವನ ಎರಡು ಪುಟದ ಲೇಖನವಿತ್ತು. ಅದನ್ನು ಅವನು ಇಬ್ಬರು ಮಕ್ಕಳಿಗೂ ನಾಲ್ವರು ಹಳೆಯ ಸಹೋದ್ಯೋಗಿಗಳಿಗೂ ಕಳಿಸಿದ್ದ.

"ಅಮ್ಮ ವರ್ಷಕ್ಕೆ ಎರಡು ಸಲ ಇದನ್ನ ಸೋಪು ಹಾಕಿ ತೊಳೀತಿದ್ದಳು," ಎಂದಳು ಸೋಲ್ವಾಯ್. "ಆಮೇಲೆ ನಾನು. ಕೊನೇ ಸಲ ಇವರ ಲಾರಿ ಬರೋಕೆ ಮೂರು ವಾರ ಮುಂಚೆ. ತೊಳೀದೆ ಬಿಟ್ಟಿದ್ದಕ್ಕೇ ಬಿರುಕು ಬಿಟ್ಟಿರೋದು."

"ತೊಳೆಯೋದು ಬೇರೆ, ಸೋಲ್ವಾಯ್."

"ಹೇಗೆ ಬೇರೆ?"

ಆಕೆ ಉತ್ತರಕ್ಕೆ ಕಾಯಲಿಲ್ಲ. ಟಿಕೆಟ್ ಕೊಡುವವಳ ಹತ್ತಿರ ಹೋಗಿ, ಸಂಗ್ರಹದ ಮುಖ್ಯಸ್ಥರು ಇದ್ದಾರೆಯೇ ಎಂದು ವಿಚಾರಿಸಿದಳು. ಇದ್ದರು.

ಮುಖ್ಯಸ್ಥೆ ತ್ಯೂರಾ ಮೊಲ್ಬೆಕ್‌ಗೆ ನಲವತ್ತೆರಡು ವರ್ಷ. ಮರದ ಸಂರಕ್ಷಣೆಯಲ್ಲಿ ತರಬೇತಿ ಪಡೆದವಳು. ಲಿಂಡೆಹೋಯ್‌ಗೆ ಬಂದು ಎಂಟು ವರ್ಷವಾಗಿತ್ತು. ಬಿರುಕಿನ ವಿಷಯ ಎತ್ತುತ್ತಲೇ ಅವಳು ಮುಚ್ಚುಮರೆ ಮಾಡಲಿಲ್ಲ. ಅದು ತಮಗೂ ಗೊತ್ತಿದೆ, ಉದ್ಘಾಟನೆಯ ದಿನ ಒಂಬತ್ತು ಸೆಂಟಿಮೀಟರ್ ಇದ್ದದ್ದು ಈ ಸೋಮವಾರ ಹನ್ನೊಂದೂವರೆ ಆಗಿದೆ ಎಂದಳು. ಉಗ್ರಾಣದ ಗಾಳಿಯಲ್ಲಿ ಇರುವಷ್ಟು ತೇವ ಚಳಿಗಾಲದಲ್ಲಿ ಪ್ರದರ್ಶನದ ಕೋಣೆಗಳಲ್ಲಿ ಇರುವುದಿಲ್ಲ. ತೇವ ಹೆಚ್ಚಿಸುವ ಒಂದು ಯಂತ್ರವನ್ನು ತಂದಿಟ್ಟಿದ್ದರು. ಸಾಕಾಗಿರಲಿಲ್ಲ.

ತನ್ನ ಕೋಣೆಯಲ್ಲಿ ಮೂವರಿಗೂ ಕಾಫಿ ಬಗ್ಗಿಸಿ ತ್ಯೂರಾ ಕುಳಿತಳು. ಸೋಲ್ವಾಯ್ ತೊಳೆಯುವ ಕ್ರಮವನ್ನು ಹೇಳಿದಳು. ಹೇಳುವಾಗ ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿ ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುತ್ತಿದ್ದ ಧಾಟಿ ತಾನಾಗಿ ಬಂತು. ಒಂದು ಲೀಟರ್ ಬಿಸಿನೀರಿಗೆ ನೂರು ಮಿಲಿಯ ಅಳತೆ ಲೋಟದ ತುಂಬ ಸೋಪಿನ ಚಕ್ಕೆ. ನೊರೆ ಗಟ್ಟಿಯಾಗುವವರೆಗೆ ಕಡೆಯಬೇಕು. ಮೊದಲು ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಇಡೀ ಹಲಗೆ ಒದ್ದೆ ಮಾಡಬೇಕು, ಇಲ್ಲದಿದ್ದರೆ ಕಲೆ ಬೀಳುತ್ತದೆ. ಆಮೇಲೆ ನೊರೆ, ಮರದ ಎಳೆ ಹೋದ ದಿಕ್ಕಿಗೇ. ಸ್ವಲ್ಪ ಹೊತ್ತು ಬಿಟ್ಟು ಹಿಂಡಿದ ಬಟ್ಟೆಯಿಂದ ಒರೆಸಬೇಕು. ಮೇಲಷ್ಟೇ ಮಾಡಿದರೆ ಹಲಗೆ ಸೊಟ್ಟಗಾಗುತ್ತದೆ, ಕೆಳಗೂ ಮಾಡಬೇಕು. ಕೆಳಗಿನದು ಎಂಟನೇ ವಯಸ್ಸಿನಿಂದ ತನ್ನ ಕೆಲಸ, ಪತ್ರಿಕೆ ಹಾಸಿಕೊಂಡು ಬೆನ್ನ ಮೇಲೆ ಮಲಗಿ ಉಜ್ಜುತ್ತಿದ್ದೆ, ನೊರೆ ಕಣ್ಣಿಗೆ ಬೀಳುತ್ತಿತ್ತು ಎಂದಳು.

ತ್ಯೂರಾ ಗಮನವಿಟ್ಟು ಕೇಳಿದಳು. ಅವಳಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ. ಅವಳ ಅಜ್ಜಿಯೂ ಹೀಗೇ ತೊಳೆಯುತ್ತಿದ್ದಳು. ದೇಶದ ಅರ್ಧದಷ್ಟು ಮನೆಗಳಲ್ಲಿ ತಿಳಿ ಬಣ್ಣದ ಮರವನ್ನು ಹೀಗೇ ತೊಳೆಯುತ್ತಾರೆ. ಆದರೆ ತನ್ನ ಕಷ್ಟ ಬೇರೆ ಎಂದು ಅವಳು ವಿವರಿಸಿದಳು. ಮನೆಯವರು ನಿಯಮಿತವಾಗಿ ತೊಳೆದ ಮೇಜಾದರೆ, ಈಗ ತೊಳೆಯುವುದು ಅದರ ಆರೈಕೆಯನ್ನು ಮುಂದುವರಿಸಿದಂತೆ. ಅದಕ್ಕೆ ತನ್ನ ಸಹಿಯೊಂದೇ ಸಾಕು. ಯಾರೂ ಮುಟ್ಟದ ಮೇಜಾದರೆ, ಒಂದು ಹನಿ ನೀರು ಬಿದ್ದರೂ ಅರವತ್ತೆರಡು ವರ್ಷದ ಸಾಕ್ಷ್ಯ ಅಳಿಸಿಹೋಗುತ್ತದೆ. ಕಡತದ ಪ್ರಕಾರ ಇದು ಎರಡನೆಯ ಬಗೆಯದು.

"ಕಡತ ತಪ್ಪು," ಎಂದಳು ಸೋಲ್ವಾಯ್.

"ಇರಬಹುದು. ನೋಡೋಣ."

ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದಲ್ಲ ಎಂದು ಪ್ರೇಬೆನ್ ಕೇಳಿದ. ತ್ಯೂರಾ ಅಡ್ಡಡ್ಡ ತಲೆಯಾಡಿಸಿದಳು. ಐನಾರ್ ಕಾರ್ಯಾಗಾರದಲ್ಲೂ ಕೊನೆಯ ಹಂತದಲ್ಲಿ ಮೇಜಿಗೆ ಸೋಪನ್ನೇ ಹಚ್ಚಿದ್ದ. ಮರದಲ್ಲಿ ಸೋಪು ಸಿಕ್ಕೇ ಸಿಗುತ್ತದೆ. ಅದು 1956ರದೋ, 2011ರದೋ ಎಂದು ಯಾವ ಯಂತ್ರವೂ ಖಚಿತವಾಗಿ ಹೇಳಲಾರದು.

ಅವಳು ಕಪಾಟಿನಿಂದ ಒಂದು ತೆಳು ಕಡತ ತಂದು, ಪುಟ ತಿರುವಿ, ಸೋಲ್ವಾಯ್ ಮುಂದೆ ಇಟ್ಟಳು. ದಾನಪತ್ರದ ನಮೂನೆ. ಪ್ರೇಬೆನ್‌ನ ದುಂಡು ಅಕ್ಷರ. ಏಳನೇ ಪ್ರಶ್ನೆ: ವಸ್ತು ತಯಾರಾದ ನಂತರ ಅದರ ಮೇಲೆ ನಡೆದ ಕೆಲಸಗಳು. ಉತ್ತರ: "ಯಾವುದೂ ಇಲ್ಲ. ಮೇಜನ್ನು ಬಳಸುತ್ತಿದ್ದ ನನ್ನ ಅಕ್ಕ ಸೋಲ್ವಾಯ್ ಬ್ರಾಮ್ಸೆನ್ ದೂರವಾಣಿಯಲ್ಲಿ ಖಚಿತಪಡಿಸಿದಂತೆ, 14-9-2011."

ಸೋಲ್ವಾಯ್ ತಾರೀಕನ್ನು ನೋಡುತ್ತ ಕುಳಿತಳು.

ಆ ದಿನ ನೆನಪಿತ್ತು. ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಆಕೆ ಏಣಿಯ ಮೇಲಿದ್ದಳು, ಪರದೆ ಬಿಚ್ಚುತ್ತಿದ್ದಳು. ಫೋನು ಭುಜಕ್ಕೂ ಕಿವಿಗೂ ನಡುವೆ. ಮೇಜಿಗೆ ಏನಾದರೂ ಮಾಡಿಸಿದ್ದೀಯಾ ಎಂದು ತಮ್ಮ ಕೇಳಿದ. ಬಣ್ಣ, ಎಣ್ಣೆ, ಮೆರುಗು, ರಿಪೇರಿ? ಏನೂ ಇಲ್ಲ, ಅದಕ್ಕೆ ಯಾರೂ ಯಾವತ್ತೂ ಏನೂ ಮಾಡಿಲ್ಲ ಎಂದಿದ್ದಳು. ಹೆಮ್ಮೆಯಿಂದಲೇ ಹೇಳಿದ್ದಳು. ಅಪ್ಪನ ಮೇಜಿಗೆ ಹೊರಗಿನ ಒಬ್ಬ ಬಡಗಿಯ ಕೈಯೂ ತಾಗಿಲ್ಲ ಎಂಬ ಅರ್ಥದಲ್ಲಿ. ತೊಳೆದದ್ದು ಆ ಹೊತ್ತಿನಲ್ಲಿ ಆಕೆಯ ನೆನಪಿಗೇ ಬರಲಿಲ್ಲ. ಬರುವುದಾದರೂ ಹೇಗೆ? ನೆಲ ಒರೆಸಿದ್ದನ್ನು, ಕಿಟಕಿ ಗಾಜು ತಿಕ್ಕಿದ್ದನ್ನು ಯಾರಾದರೂ ಮನೆಗೆ ಮಾಡಿಸಿದ ಕೆಲಸ ಅಂತ ಹೇಳುತ್ತಾರೆಯೇ?

"ಹೌದು, ಹೇಳಿದ್ದೆ," ಎಂದಳು. "ನಾನೇ ಹೇಳಿದ್ದು."

"ನಾನು ಬಾಯಿಗೆ ಬಂದಹಾಗೆ ಬರೆಯಲ್ಲ ಅಂತ ಈಗಲಾದರೂ ಒಪ್ಪಿಕೋತೀಯಾ?" ಎಂದ ಪ್ರೇಬೆನ್. ದನಿಯಲ್ಲಿ ಚುಚ್ಚುವುದಕ್ಕಿಂತ ಹಗುರಾದದ್ದೇ ಹೆಚ್ಚಿತ್ತು.

"ಒಪ್ಪಿದೆ. ಈಗ ತಿದ್ದು."

ಅದು ಅಷ್ಟು ಸುಲಭವಿರಲಿಲ್ಲ. ತ್ಯೂರಾ ಮೃದುವಾಗಿಯೇ ಹೇಳಿದಳು. ಮೇಜಿಗೆ ಬಿರುಕು ಬಿದ್ದ ಮೇಲೆ, ಅದನ್ನು ಉಳಿಸಿಕೊಳ್ಳಬೇಕೆಂಬ ಆಸೆಯಿಂದ, ದಾನಿಗಳು ಏಳು ವರ್ಷದ ಹಿಂದಿನ ಮಾತು ಬದಲಿಸಿದರು ಎಂದಾಗುತ್ತದೆ. ನಿಮ್ಮನ್ನು ನಾನು ನಂಬುತ್ತೇನೆ, ಆದರೆ ನನ್ನ ನಂಬಿಕೆಯನ್ನು ಕಡತಕ್ಕೆ ಸೇರಿಸಲಾಗುವುದಿಲ್ಲ ಎಂದಳು. ನಮೂನೆಗೆ ಸಹಿ ಹಾಕಿದವರು ಪ್ರೇಬೆನ್. ತಾವು ಬರೆದದ್ದು ತಪ್ಪು, ಮೇಜು ತೊಳೆಯುತ್ತಿದ್ದುದು ತಮಗೆ ನೇರವಾಗಿ ಗೊತ್ತು ಎಂದು ಅವರು ಬರೆದುಕೊಟ್ಟರೆ ಸಾಕು.

ಇಬ್ಬರೂ ಪ್ರೇಬೆನ್ ಕಡೆ ನೋಡಿದರು.

ಅವನು ಕಾಫಿ ಲೋಟವನ್ನು ತಟ್ಟೆಯ ನಡುವೆ ಸರಿಯಾಗಿ ಕೂರಿಸಿದ. "ನಂಗೆ ಗೊತ್ತಿಲ್ಲ. ಅದೇ ತೊಂದರೆ. ನಾನು ಒಂದೇ ಒಂದು ಸಲಾನೂ ನೋಡಿಲ್ಲ."

"ಹದಿನೆಂಟು ವರ್ಷ ಅದೇ ಮನೇಲಿದ್ದೆ."

"ಇದ್ದೆ. ನೋಡಿಲ್ಲ. ಬೈಕೋ, ಪರವಾಗಿಲ್ಲ. ನೋಡದ್ದನ್ನ ನೋಡಿದೆ ಅಂತ ಬರೆಯೋಕಾಗಲ್ಲ."

ಸೋಲ್ವಾಯ್‌ಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ತಮ್ಮನನ್ನು ಆಕೆ ಅರವತ್ತಾರು ವರ್ಷದಿಂದ ಬಲ್ಲಳು. ಅವನು ಸಣ್ಣವನಿದ್ದಾಗಲೂ ಹೀಗೇ. ಒಡೆದದ್ದು ತಾನೋ ಅಲ್ಲವೋ ಎಂದು ಖಚಿತವಿಲ್ಲದಿದ್ದರೆ ಹೌದು ಎಂದೂ ಹೇಳುತ್ತಿರಲಿಲ್ಲ, ಇಲ್ಲ ಎಂದೂ ಹೇಳುತ್ತಿರಲಿಲ್ಲ. ಅಂಥವನ ಬಾಯಿಂದ ಬಂದದ್ದಕ್ಕೇ ತ್ಯೂರಾ ಬೆಲೆ ಕೊಡುತ್ತಿದ್ದುದು. ಹಾಗಾದರೆ ಮುಗಿಯಿತು. ಈ ಚಳಿಗಾಲ ಕಳೆಯುವುದರಲ್ಲಿ ಬಿರುಕು ಹಲಗೆಯ ಅರ್ಧಕ್ಕೆ ಬರುತ್ತದೆ. ಮುಂದಿನ ಚಳಿಗಾಲಕ್ಕೆ ಹಲಗೆ ಎರಡಾಗುತ್ತದೆ.

"ಶನಿವಾರ ಮಧ್ಯಾಹ್ನ ತೊಳೀತಿದ್ದಿದ್ದು," ಎಂದಳು, ಸುಮ್ಮನಿರಲಾರದೆ. "ಪ್ರತೀ ಸಲ ಶನಿವಾರಾನೇ. ಆವಾಗ ನೀನು ಎಲ್ಲಿರ್ತಿದ್ದೆ?"

ಕೇಳಿದ ಮರುಗಳಿಗೆಯಲ್ಲೇ ಆಕೆಗೆ ಕೇಳಬಾರದಿತ್ತು ಅನಿಸಿತು.

"ಎಲ್ಲ ಶನಿವಾರ ಹೇಗೆ ನೆನಪಿರುತ್ತೆ," ಎಂದ ಪ್ರೇಬೆನ್. "ಸ್ಕೂಲು, ಫುಟ್‌ಬಾಲು. ಆಮೇಲೆ ಅಪ್ಪನ ಜೊತೆ ಬಂದರಿಗೆ." ಅವನ ಮುಖ ಸಡಿಲವಾಯಿತು. ತ್ಯೂರಾ ಕಡೆ ತಿರುಗಿದ. "ಅದನ್ನ ಪುಸ್ತಕದಲ್ಲಿ ಹಾಕಬೇಕು ಅಂತಿದ್ದೆ, ಜಾಗ ಸಾಲಲಿಲ್ಲ."

ಅವನು ಹೇಳಿದ. ಶನಿವಾರ ಅಪ್ಪನ ಕಾರ್ಯಾಗಾರಕ್ಕೆ ಅರ್ಧ ದಿನ ಕೆಲಸ. ಹನ್ನೆರಡೂವರೆಗೆ ಬಂದವನು ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತು, ಬಾ ಹೋಗೋಣ ಎಂದು ಮಗನನ್ನು ಮಾತ್ರ ಕರೆಯುತ್ತಿದ್ದ. ದೋಣಿಕಟ್ಟೆಯ ಹತ್ತಿರ ಸಾಸೇಜಿನ ಗಾಡಿ. ತಲಾ ಎರಡು ಕೆಂಪು ಸಾಸೇಜು, ಬನ್ನು, ಸಾಸಿವೆ. ಆಮೇಲೆ ಕಟ್ಟೆಯ ಮೇಲೆ ಕೂತು ದ್ವೀಪಗಳಿಗೆ ಹೋಗುವ ಹಡಗು ನೋಡುತ್ತಿದ್ದರು. ಅಪ್ಪ ವಾರಪೂರ್ತಿ ಹತ್ತು ಮಾತಾಡದವನು, ಅಲ್ಲಿ ಮರಗಳ ಬಗ್ಗೆ ಹೇಳುತ್ತಿದ್ದ. ಯಾವ ಹಡಗಿಗೆ ಯಾವ ಮರ ಹಾಕಿದ್ದಾರೆ, ಯಾವುದು ಉಪ್ಪುನೀರಿಗೆ ತಡೆಯುತ್ತದೆ ಎಂದೆಲ್ಲ. ನಾಲ್ಕು ಗಂಟೆಯವರೆಗೆ. ಮನೆಯಲ್ಲಿ ಊಟವಿದ್ದೂ ಮಗನನ್ನು ಹೊರಗೆ ಕರೆದೊಯ್ದು ದುಡ್ಡು ಕೊಟ್ಟು ತಿನ್ನಿಸುವುದು ಆ ಕಾಲದ ಬಡಗಿಗೆ ಸಣ್ಣ ಮಾತಲ್ಲ. ಆ ಶನಿವಾರಗಳೇ ತನ್ನನ್ನು ಓದಿಸಿದವು ಎಂದ ಪ್ರೇಬೆನ್. ಅಪ್ಪನ ಅಂತ್ಯಕ್ರಿಯೆಯಲ್ಲೂ ಅವನು ಇದನ್ನೇ ಹೇಳಿದ್ದ.

ಸೋಲ್ವಾಯ್ ಕಡತದ ಅಂಚನ್ನು ಬೆರಳಿನಿಂದ ನೇರಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಪ್ರತಿ ಶನಿವಾರಾನಾ?" ತ್ಯೂರಾ ಕೇಳಿದಳು. ಸೌಜನ್ಯಕ್ಕೆ ಕೇಳಿದ್ದು, ಅಷ್ಟೇ.

"ಇಲ್ಲ ಇಲ್ಲ. ವರ್ಷಕ್ಕೆ ಎರಡು ಸಲ. ಅದಕ್ಕೇ ನೆನಪಿರೋದು. ಒಂದು ಈಸ್ಟರಿಗೆ ಮುಂಚೆ. ಇನ್ನೊಂದು ಅಕ್ಟೋಬರಿನಲ್ಲಿ, ಸ್ಕೂಲಿಗೆ ಆಲೂಗಡ್ಡೆ ಕೀಳೋ ಕಾಲದ ರಜೆ ಶುರುವಾಗೋ..."

ಅವನು ಅಲ್ಲಿಗೆ ನಿಲ್ಲಿಸಿದ.

ಹೊರಗೆ ಅಂಗಳದಲ್ಲಿ ಯಾರೋ ಹಿಮ ಕೆರೆಯುತ್ತಿದ್ದರು. ಸಲಿಕೆ ಕಲ್ಲಿಗೆ ತಾಗುವ ಸದ್ದು ನಾಲ್ಕೈದು ಸಲ ಕೇಳಿಸಿತು. ಪ್ರೇಬೆನ್ ಅಕ್ಕನ ಕಡೆ ನೋಡಿದ. ಆಕೆ ಈಗಲೂ ಕಾಗದವನ್ನೇ ನೋಡುತ್ತಿದ್ದಳು. ಹಾಗೆ ನೋಡುತ್ತಿದ್ದುದರಿಂದಲೇ ಅವನಿಗೆ ಉಳಿದದ್ದು ಗೊತ್ತಾಯಿತು.

"ಮೇಜು ಒದ್ದೆ ಇರ್ತಿತ್ತು," ಎಂದ.

ಆಕೆ ಕಡತ ಮುಚ್ಚಿದಳು.

"ಊಟಕ್ಕೆ ಕೂರೋಕೆ ಜಾಗ ಇರ್ತಿರಲಿಲ್ಲ. ಅಮ್ಮ ನಮ್ಮನ್ನ ಹೊರಗೆ ಹಾಕ್ತಿದ್ದಳು."

"ಸಾಯಂಕಾಲ ನಾಲ್ಕರವರೆಗೆ ಒಣಗ್ತಿರಲಿಲ್ಲ," ಎಂದಳು ಸೋಲ್ವಾಯ್ ಕೊನೆಗೆ.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಅಪ್ಪನ ಅಂತ್ಯಕ್ರಿಯೆಯಲ್ಲಿ ನಾನು ಮಾತಾಡಿದಾಗಲೂ?"

"ಆಗಲೂ."

"ಯಾಕೆ ಹೇಳಲಿಲ್ಲ?"

"ಭಾಷಣ ಚೆನ್ನಾಗಿತ್ತು, ಪ್ರೇಬೆನ್. ಅಮ್ಮನೂ ಅತ್ತಳು. ಅವಳೂ ಏನೂ ಹೇಳಲಿಲ್ಲ, ನೋಡು."

ಪ್ರೇಬೆನ್ ಎದ್ದು ಕಿಟಕಿಯ ಹತ್ತಿರ ಹೋದ. ಅಲ್ಲಿಂದ ಜಲಸಂಧಿ ಕಾಣುತ್ತದೆ, ಆಚೆ ದಡದ ಕೆಂಪು ಮನೆಗಳೂ ಕಾಣುತ್ತವೆ. ತ್ಯೂರಾಗೆ ಹೊರಗೆ ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಎಲ್ಲರ ಲೋಟಕ್ಕೂ ಮತ್ತೆ ಕಾಫಿ ಹಾಕಿದಳು. ಯಾರೂ ಕೇಳಿರಲಿಲ್ಲ.

ಸೋಲ್ವಾಯ್‌ಗೆ ಗೆದ್ದೆ ಎನಿಸಲಿಲ್ಲ. ಮೇಜು ಉಳಿಯಬೇಕು ಎಂದು ಬಂದಿದ್ದಳು. ಅದಕ್ಕಾಗಿ ತಮ್ಮನ ಹತ್ತಿರವಿದ್ದ ಒಳ್ಳೆಯದೊಂದನ್ನು ಕಿತ್ತುಕೊಂಡ ಹಾಗಾಗಿತ್ತು. ಇಪ್ಪತ್ತೊಂಬತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ಇವತ್ತೂ ಹಾಗೇ ಇರಬಹುದಿತ್ತು. ಆಕೆ ಎದ್ದು ಅವನ ಪಕ್ಕ ನಿಂತಳು.

"ಒಂದು ಮಾತು ಕೇಳು," ಎಂದಳು. "ಅಮ್ಮ ಹೊರಗೆ ಹಾಕಿದ್ದು ನಿಜ. 'ಐನಾರ್, ನಾಲ್ಕು ಗಂಟೆಗೆ ಮುಂಚೆ ಕಾಲಿಡಬೇಡ' ಅಂತಿದ್ದಳು. ಅಷ್ಟೇ. ಅಪ್ಪ ಒಬ್ಬನೇ ಕಾರ್ಯಾಗಾರಕ್ಕೆ ವಾಪಸ್ ಹೋಗಬಹುದಿತ್ತು. ನಿನ್ನನ್ನ ಪಕ್ಕದ ಮನೇಲಿ ಬಿಡಬಹುದಿತ್ತು. ಬಂದರಿಗೆ ಕರಕೊಂಡು ಹೋಗು ಅಂತ ಅವನಿಗೆ ಯಾರೂ ಹೇಳಿರಲಿಲ್ಲ."

ಪ್ರೇಬೆನ್ ಅಕ್ಕನ ಕಡೆ ತಿರುಗಿದ. "ನಿನ್ನನ್ನ ಯಾಕೆ ಕರೀತಿರಲಿಲ್ಲ ಅಂತ ನಾನು ಯಾವತ್ತೂ ಕೇಳಲೇ ಇಲ್ಲ," ಎಂದ.

"ನಾನು ಮೇಜಿನ ಕೆಳಗಿದ್ದೆ."

"ಸಾಸೇಜು?"

"ಅಮ್ಮ ಅಡುಗೆಮನೇಲಿ ನಿಂತ್ಕೊಂಡೇ ರೈ ಬ್ರೆಡ್ಡಿಗೆ ಮೊಟ್ಟೆ ಇಟ್ಟುಕೊಡ್ತಿದ್ದಳು. ಆಮೇಲೆ ಇಬ್ಬರಿಗೂ ಒಂದೊಂದು ಕೇಕು. ನಿಮಗೆ ಹೇಳಬೇಡ ಅಂತಿದ್ದಳು."

ಪ್ರೇಬೆನ್‌ಗೆ ನಗು ಬಂತು. ತಡೆದುಕೊಂಡ, ಆಮೇಲೆ ತಡೆಯಲಿಲ್ಲ. "ಕಳ್ಳಿಯರು," ಎಂದ.

ತಿರುಗಿ ಬಂದು ಕುಳಿತು ತ್ಯೂರಾಳ ಹತ್ತಿರ ಖಾಲಿ ಹಾಳೆ ಕೇಳಿದ. ಬರೆಯುವುದಕ್ಕೆ ಅವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಮೂರು ಸಲ ಹೊಡೆದುಹಾಕಿದ. ಮೇಜು ತೊಳೆಯುವುದನ್ನು ತಾನು ನೋಡಿಲ್ಲ ಎಂದೇ ಶುರು ಮಾಡಿದ. 1958ರಿಂದ 1969ರವರೆಗೆ, ವರ್ಷಕ್ಕೆ ಎರಡು ಶನಿವಾರ, ತನ್ನನ್ನೂ ತಂದೆಯನ್ನೂ ಹನ್ನೆರಡೂವರೆಯಿಂದ ನಾಲ್ಕರ ನಂತರದವರೆಗೆ ಮನೆಯಿಂದ ಹೊರಗೆ ಇರಿಸಲಾಗುತ್ತಿತ್ತು ಎಂಬುದು ತನಗೆ ನೇರವಾಗಿ ಗೊತ್ತಿರುವ ಸಂಗತಿ. ಆ ಶನಿವಾರಗಳೂ ತನ್ನ ಅಕ್ಕ ಹೇಳುವ ಶನಿವಾರಗಳೂ ಒಂದೇ. ಆಕೆ ಹೇಳುವ ಕಾರಣದ ಹೊರತು ಇದಕ್ಕೆ ಬೇರೆ ಕಾರಣ ತನಗೆ ತಿಳಿದಿಲ್ಲ. 2011ರ ನಮೂನೆಯ ಏಳನೇ ಉತ್ತರವನ್ನು ಹಿಂತೆಗೆದುಕೊಳ್ಳುತ್ತೇನೆ. ಪುಸ್ತಕದ ನಲವತ್ತೊಂದನೇ ಪುಟದ ಎರಡನೇ ಪರಿಚ್ಛೇದವೂ ತಪ್ಪು.

ತ್ಯೂರಾ ಓದಿದಳು. ಇದು ಸಾಕೇ ಎಂದು ಸೋಲ್ವಾಯ್ ಕೇಳಿದಳು. ನೋಡಿದ್ದೇನೆ ಎಂದು ಬರೆದಿದ್ದರೆ ತನಗೆ ಅನುಮಾನ ಬರುತ್ತಿತ್ತು, ಇದು ಸಾಕು ಎಂದಳು ತ್ಯೂರಾ. ಸೋಪು ಬಿರುಕನ್ನು ಮುಚ್ಚುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿದಳು.

"ಮುಚ್ಚುತ್ತೆ ಅಂತ ನಾನು ಹೇಳಲಿಲ್ಲ," ಎಂದಳು ಸೋಲ್ವಾಯ್. "ಮುಂದೆ ಹೋಗಲ್ಲ ಅಂದೆ."

ತೊಳೆಯುವುದಕ್ಕೆ ಮಾರ್ಚಿನಲ್ಲಿ, ಹನ್ನೊಂದನೇ ವಾರದ ಸೋಮವಾರವನ್ನು ಗೊತ್ತುಮಾಡಿದರು. ಸೋಮವಾರ ಸಂಗ್ರಹಾಲಯಕ್ಕೆ ರಜೆ.

ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅಕ್ಕ ತಮ್ಮ ಬಂದಾಗ ಮೇಜನ್ನು ಪ್ರದರ್ಶನದ ಕಟ್ಟೆಯಿಂದ ಇಳಿಸಿ, ಹಿಂದಿನ ಕೆಲಸದ ಕೋಣೆಗೆ ತಂದು, ಪ್ಲಾಸ್ಟಿಕ್ ಹಾಸಿನ ಮೇಲೆ ನಿಲ್ಲಿಸಿದ್ದರು. ತ್ಯೂರಾ ತಗಡಿನ ಬಕೆಟ್ ತಂದಿದ್ದಳು. ಸೋಲ್ವಾಯ್ ಕೋಟು ಬಿಚ್ಚುವ ಮೊದಲೇ ಅದನ್ನು ವಾಪಸ್ ಕಳಿಸಿದಳು. ಕಬ್ಬಿಣದ ಚೂರು ಎಲ್ಲಾದರೂ ಒದ್ದೆ ಓಕಿಗೆ ತಾಗಿದರೆ ಕಪ್ಪು ಚುಕ್ಕೆ ಏಳುತ್ತದೆ, ಮತ್ತೆ ಹೋಗುವುದಿಲ್ಲ. ಪ್ರೇಬೆನ್ ಹೋಗಿ ಶುಚಿ ಮಾಡುವವರ ಗೂಡಿನಿಂದ ಎರಡು ಪ್ಲಾಸ್ಟಿಕ್ ಬಕೆಟ್ ತಂದ.

ತ್ಯೂರಾ ನೊರೆ ಕಡೆದು, ಬಟ್ಟೆಯನ್ನು ಸೋಲ್ವಾಯ್ ಕಡೆ ಚಾಚಿದಳು. ನಿಯಮದ ಪ್ರಕಾರ ಸಿಬ್ಬಂದಿಯಷ್ಟೇ ಮುಟ್ಟಬೇಕು, ಆದರೆ ಇವತ್ತು ತಾನು ಬೇರೆ ಕಡೆ ನೋಡುತ್ತಿರುತ್ತೇನೆ ಎಂದಳು.

ಸೋಲ್ವಾಯ್ ಬಟ್ಟೆಯನ್ನು ನೋಡಿದಳು. ತೆಗೆದುಕೊಳ್ಳಲಿಲ್ಲ.

"ನಂಗೆ ಎಪ್ಪತ್ತು," ಎಂದಳು. "ಈ ಕೆಲಸ ಅಕ್ಟೋಬರಿನಲ್ಲಿ ಮತ್ತೆ ಬರುತ್ತೆ. ಆಮೇಲೆ ಮುಂದಿನ ಈಸ್ಟರಿಗೆ. ನಿಮಗೆ ಗೊತ್ತಿರಬೇಕು, ನನಗಲ್ಲ."

ಹಾಗಾಗಿ ತ್ಯೂರಾ ತೊಳೆದಳು. ಸೋಲ್ವಾಯ್ ಒಂದು ಮಡಚುಕುರ್ಚಿಯಲ್ಲಿ ಕೂತು ಹೇಳಿಕೊಟ್ಟಳು. ನೊರೆ ಕಡಿಮೆಯಾಯಿತು. ಅಡ್ಡಡ್ಡ ಬೇಡ, ಉದ್ದಕ್ಕೆ. ಅಷ್ಟು ಒತ್ತಬೇಡಿ, ಅದೇನು ಪಾತ್ರೆಯೇ. ತ್ಯೂರಾ, ಹನ್ನೊಂದು ವರ್ಷ ಮರದ ಸಂರಕ್ಷಣೆ ಓದಿ ಅಭ್ಯಾಸ ಮಾಡಿದವಳು, ಎದುರು ಮಾತಾಡದೆ ಕೇಳಿದಳು. ಕೆಳಗಿನ ಭಾಗಕ್ಕೆ ಬಂದಾಗ ಹಲಗೆಯನ್ನು ಬಿಚ್ಚಿ ತಿರುಗಿಸೋಣವೇ ಎಂದು ಕೇಳಿದಳು. ಬಿರುಕಿದ್ದಾಗ ತಿರುಗಿಸುವುದು ಬೇಡ ಎಂದು ಮೂವರಿಗೂ ಅನಿಸಿತು. ಅವಳು ಏಪ್ರನ್ ಬಿಗಿ ಮಾಡಿಕೊಂಡು ಬೆನ್ನ ಮೇಲೆ ಮಲಗಿ ಒಳಗೆ ಸರಿದಳು. ಒಂದು ನಿಮಿಷದ ಮೇಲೆ ಒಳಗಿನಿಂದ ಒಂದು ಬೈಗುಳ ಕೇಳಿಸಿತು.

"ಕಣ್ಣು ಮುಚ್ಚಿಕೊಂಡು ಉಜ್ಜಿ," ಎಂದಳು ಸೋಲ್ವಾಯ್. "ಕೈಗೆ ಗೊತ್ತಾಗುತ್ತೆ."

ಪ್ರೇಬೆನ್ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಆರೈಕೆಯ ಹಾಳೆ ತುಂಬುತ್ತಿದ್ದ. ನೀರಿನ ಅಳತೆ, ಸೋಪಿನ ಅಳತೆ, ಕೋಣೆಯ ತೇವ, ಶುರುವಾದ ಹೊತ್ತು. ಹಿಂದಿನ ಆರೈಕೆಯ ಅಂಕಣಕ್ಕೆ ಬಂದಾಗ, ಅಮ್ಮ ಒಟ್ಟು ಎಷ್ಟು ಸಲ ತೊಳೆದಿರಬಹುದು ಎಂದು ಕೇಳಿದ. 1956ರ ಶರತ್ಕಾಲದಿಂದ 1993ರವರೆಗೆ ಲೆಕ್ಕ ಹಾಕಿದರೆ ಎಪ್ಪತ್ತೈದು ಎಂದಳು ಸೋಲ್ವಾಯ್. 1974ರಲ್ಲಿ ಅಮ್ಮನ ಕೈ ಮುರಿದಿತ್ತು, ಆ ವರ್ಷ ಒಂದು ಸಲ ತಾನೊಬ್ಬಳೇ ಮಾಡಿದ್ದೆ, ಎಪ್ಪತ್ನಾಲ್ಕು ಎಂದು ಬರೆ. ಅವನು ಬರೆದ. ಪಕ್ಕದಲ್ಲಿ "ಎಲ್ಲಿಂದ" ಎಂಬ ಅಂಕಣವಿತ್ತು. ಅಲ್ಲಿ ಅಕ್ಕನ ಹೆಸರು ಹಾಕಿದ.

ತ್ಯೂರಾ ಹೊರಗೆ ಬಂದು ಎದ್ದು ನಿಂತಳು. ಕೂದಲು ಒದ್ದೆಯಾಗಿತ್ತು. ಮೊದಲ ಬಕೆಟ್ಟಿನ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಹಲಗೆಯ ಎಡಭಾಗ ಆಗಲೇ ಬೆಳ್ಳಗಾಗುತ್ತಿತ್ತು. ಬಿರುಕು ಇದ್ದಲ್ಲೇ ಇತ್ತು. ಬೆಳಿಗ್ಗೆ ಹನ್ನೆರಡು ಸೆಂಟಿಮೀಟರ್ ಇದ್ದದ್ದು ಈಗಲೂ ಹನ್ನೆರಡೇ. ಮುಂದೇನಾಗುತ್ತದೆ ಎಂಬುದು ಇವತ್ತು ಗೊತ್ತಾಗುವ ವಿಷಯವಲ್ಲ.

"ಸಾಕಾ?" ಎಂದು ತ್ಯೂರಾ ಕೇಳಿದಳು.

ಸೋಲ್ವಾಯ್ ಕುರ್ಚಿಯಿಂದ ಎದ್ದು, ತುದಿಗೆ ಹೋಗಿ, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ಬೆಳಕಿಗೆ ಎದುರಾಗಿ ನೋಡಿದಳು. ಹಾಗೇ ಬಗ್ಗಿಕೊಂಡು ಮೂರು ಕಡೆಯಿಂದ ನೋಡಿದಳು.

"ಈ ತುದಿಗೆ ಇನ್ನೊಂದು ಸಲ," ಎಂದಳು. "ನೀರು ಬದಲಾಯಿಸಿ."

ಪ್ರೇಬೆನ್ ಪೆನ್ನು ಕೆಳಗಿಟ್ಟು ಬಕೆಟ್ ಎತ್ತಿಕೊಂಡ.